ಪ್ರಾರ್ಥನೆ ಮುಗಿಯುವಷ್ಟು ಹೊತ್ತು

ಕ್ರೈಸ್ತ ಸನ್ಯಾಸಿಗಳು ಬಿಟ್ಟುಹೋದ ಕಟ್ಟಡದಲ್ಲಿ ಈಗ ನೂಲಿಗೆ ಬಣ್ಣ ಹಾಕುತ್ತಾರೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಅವರ ಲ್ಯಾಟಿನ್ ಮಾತು ಇನ್ನೂ ಇದೆ: ‘ಓರಾ ಎತ್ ಲಬೋರಾ’. ಪ್ರಾರ್ಥಿಸು, ದುಡಿ ಎಂದರ್ಥವಂತೆ. ಅಲ್ಲಿ ಬಣ್ಣದ ಹಂಡೆ ನೋಡಿಕೊಳ್ಳುವ ಬಣ್ಣದಕ್ಕನಿಗೆ ಲ್ಯಾಟಿನ್ ಬಾರದು. ಆದರೆ ಅವಳಷ್ಟು ನಿಷ್ಠೆಯಿಂದ ಅದನ್ನು ಪಾಲಿಸಿದವರು ಆ ಸನ್ಯಾಸಿಗಳಲ್ಲೂ ಇದ್ದರೋ ಇಲ್ಲವೋ. ಕುದಿಯುವ ಹಂಡೆಗೆ ನೂಲಿನ ಲಡಿ ಇಳಿಸಿದೊಡನೆ ಅವಳ ಪ್ರಾರ್ಥನೆ ಶುರು. ಅದು ಮುಗಿದೊಡನೆ ಲಡಿ ಮೇಲಕ್ಕೆ. ಆವಿಯಲ್ಲಿ ಗಡಿಯಾರದ ಮುಖವೇ ಕಾಣದ ಆ ಕೋಣೆಯಲ್ಲಿ ಅದೇ ಅವಳ ಅಳತೆ. ಅತ್ತೆಯಿಂದ ಬಂದದ್ದು.

“ದೇವರ ಕಿವಿ ತೂತಾಗುತ್ತೆ ಅತ್ತಿಗೆ,” ಎಂದು ಪಕ್ಕದಲ್ಲಿ ಲಡಿ ಹಿಂಡುವ ನಾದಿನಿ ರೇಗಿಸುತ್ತಿದ್ದಳು.

“ನಿನ್ನ ಬಾಯಿ ಆಗ್ಲೇ ತೂತಾಗಿದೆ ಬಿಡೇ.”

ಮಗಳು ಪುಟ್ಟಿ ಹುಟ್ಟಿದ ಮೇಲೆ ಪ್ರಾರ್ಥನೆ ಉದ್ದವಾಯಿತು. ಹಲ್ಲು ಬಂದಾಗ ಹಲ್ಲಿಗೊಂದು ಮಾತು, ನಡೆದಾಗ ಕಾಲಿಗೊಂದು, ಕೆಮ್ಮಿದಾಗ ಎದೆಗೊಂದು. ಕೆಂಪು ಬಣ್ಣವೂ ಅಷ್ಟಷ್ಟೇ ಗಾಢವಾಯಿತು. ಗಿರಾಕಿಗಳಿಗೆ ಹಿಡಿಸಿತು. “ಇನ್ಮೇಲೆ ಇದೇ ಕೆಂಪು,” ಎಂದರು ಯಜಮಾನರು.

ಆ ಚಳಿಗಾಲದ ಜ್ವರದಲ್ಲಿ ಪುಟ್ಟಿ ಉಳಿಯಲಿಲ್ಲ.

ಮತ್ತೆ ಕೆಲಸಕ್ಕೆ ಬಂದ ದಿನ ಬಣ್ಣದಕ್ಕ ಪುಟ್ಟಿಗಾಗಿ ಸೇರಿಸಿದ್ದ ಮಾತುಗಳನ್ನೆಲ್ಲ ಬಿಟ್ಟು ಪ್ರಾರ್ಥಿಸಿದಳು. ಲಡಿ ಪೇಲವವಾಗಿ ಎದ್ದಿತು. ಯಜಮಾನರು ಅದನ್ನು ಹಳೆಯ ನೂಲಿನ ಪಕ್ಕ ಹಿಡಿದು ನೋಡಿದರು.

“ಹೀಗಾದ್ರೆ ಮಾಲು ವಾಪಸ್ ಬರುತ್ತೆ ಕಣಮ್ಮಾ. ಸ್ವಲ್ಪ ದಿನ ಬೇರೆ ಯಾರನ್ನಾದ್ರೂ ನಿಲ್ಲಿಸ್ಲಾ?”

ಹಂಡೆ ಬಿಟ್ಟರೆ ಮನೆ. ಮನೆಯಲ್ಲಿ ಹಗಲಿಡೀ ಕಣ್ಣೆದುರು ಖಾಲಿಯಾದ ಆ ಪುಟ್ಟ ಹಾಸಿಗೆ. “ಬೇಡಿ, ನಾನೇ ಮಾಡ್ತೀನಿ,” ಎಂದಳು.

“ಪ್ರಾರ್ಥನೇಲಿ ಪುಟ್ಟಿ ಜಾಗದಲ್ಲಿ ನನ್ನ ಮಗನ ಹೆಸರು ಹೇಳಿ ಅತ್ತಿಗೆ,” ಎಂದು ನಾದಿನಿ ಮೆಲ್ಲಗೆ ಹೇಳಿದಳು. “ಅವನಿಗೂ ಒಳ್ಳೇದಾಗ್ಲಿ, ಬಣ್ಣಾನೂ ಬರ್ಲಿ.”

ಹೇಳಲು ನೋಡಿದಳು. ಆ ಮಗುವಿನ ಮೇಲೆ ಪ್ರೀತಿಯಿಲ್ಲದೆ ಅಲ್ಲ, ಆದರೂ ಹೆಸರಿನ ಮೊದಲಕ್ಷರಕ್ಕೇ ತಡೆದು ಪ್ರಾರ್ಥನೆಯನ್ನು ಮತ್ತೆ ಮೊದಲಿಂದ ಹಿಡಿದಳು. ಅಷ್ಟರಲ್ಲಿ ಇನ್ನೊಂದು ಲಡಿ ಕೆಟ್ಟಿತು.

ಮೂರನೆಯದನ್ನು ಇಳಿಸಿದಳು. ಆ ಜಾಗ ಬಂತು.

“ನನ್ನ ಪುಟ್ಟಿಯ ಹಲ್ಲು ಗಟ್ಟಿ ಇಡಪ್ಪಾ. ಕಾಲಿಗೆ ಬಲ ಕೊಡು. ಎದೆ ಬೆಚ್ಚಗಿರ್ಲಿ, ಕೆಮ್ಮು ಬಾರದಿರ್ಲಿ...”

ಒಂದಕ್ಷರ ಬಿಡಲಿಲ್ಲ. ನಾದಿನಿಯ ಕೈ ನಿಂತುಹೋಯಿತು. “ಸಾಕು ಅತ್ತಿಗೆ, ಬನ್ನಿ ಈಚೆ.”

“ಇರೇ, ಬಣ್ಣ ಹಿಡೀಲಿ.”

ಮುಗಿಸಿ ಎತ್ತಿದಳು. ಅದೇ ಕೆಂಪು. ಯಜಮಾನರು ತಲೆಯಾಡಿಸಿ ತಮ್ಮ ಕೋಣೆಗೆ ಹೋದರು.

ಬುಟ್ಟಿಯಲ್ಲಿ ಬಿಳಿ ಲಡಿಗಳು ಇನ್ನೂ ರಾಶಿ ಇದ್ದವು. ಬಣ್ಣದಕ್ಕ ಮೊಣಕೈಯಿಂದ ಕಣ್ಣೊರೆಸಿಕೊಂಡು ಮುಂದಿನದಕ್ಕೆ ಕೈ ಚಾಚಿದಳು.