ಏರಿನಲ್ಲಿ ಬಡಿದ ಎಂಜಿನ್

ಎಂಬತ್ತರ ದಶಕದ ಕೊನೆ. ನನಗೆ ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾಗಿತ್ತು. ಹಳೆಯ ಕಾರು ನನ್ನದು, ಓಡಿಸುವವಳೂ ನಾನೇ. ನಮ್ಮ ಯಜಮಾನರಿಗೆ ಸೈಕಲ್ ಬಿಟ್ಟರೆ ಬೇರೇನೂ ಬಾರದು. ಅಲ್ಲಿನ ಮೆಕ್ಯಾನಿಕ್ ಒಬ್ಬ ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಬದಲಿಸಿಕೊಟ್ಟ ಮೇಲೆ, ಸಿಂಹಾಚಲಂ ಬೆಟ್ಟ ಹತ್ತುವಾಗ ಎಂಜಿನ್ ಕಟಕಟ ಬಡಿಯತೊಡಗಿತು. ಕಾರು ತಿರುಗಿಸಿಕೊಂಡು ನೇರ ಅವನ ಷೆಡ್ಡಿಗೇ ಹೋದೆವು.

"ಟೈಮಿಂಗ್ ಮುಂದೆ ಹೋಗಿದೆ, ಕಿಡಿ ಬೇಗ ಬೀಳ್ತಿದೆ," ಎಂದೆ.

ಅವನು ಯಜಮಾನರ ಕಡೆ ತಿರುಗಿದ. "ಸಾರ್, ಮೇಡಂಗಾರು ಏರಿನಲ್ಲಿ ಗೇರ್ ಇಳಿಸೋದಿಲ್ಲ. ಅದಕ್ಕೇ ಈ ಸದ್ದು."

ನನಗೆ ಮೈಯೆಲ್ಲ ಉರಿದುಹೋಯಿತು. ದಾವಣಗೆರೆಯಲ್ಲಿ ಅಪ್ಪನ ಗ್ಯಾರೇಜಿನಲ್ಲೇ ಬೆಳೆದವಳು ನಾನು! ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ ಬಿಗಿದೆ. ಇಬ್ಬರನ್ನೂ ಕೂರಿಸಿಕೊಂಡು ಅದೇ ಏರು ಹತ್ತಿಸಿದೆ. ಎಂಜಿನ್ ತುಟಿಪಿಟಕ್ಕೆನ್ನಲಿಲ್ಲ.

ಮೆಕ್ಯಾನಿಕ್ ಹಿಂದಿನ ಸೀಟಿನಿಂದ ಬಗ್ಗಿ ಯಜಮಾನರಿಗೆ ಹೇಳಿದ: "ಮೇಡಂಗಾರಿಗೆ ಚೆನ್ನಾಗಿ ಕಲಿಸಿದ್ದೀರಿ ಸಾರ್!"

ಅವನನ್ನಾದರೂ ಕ್ಷಮಿಸಬಹುದು. "ಏನೋ, ನನಗೆ ಗೊತ್ತಿದ್ದಷ್ಟು," ಎಂದು ನಾಚಿಕೊಂಡ ನಮ್ಮ ಯಜಮಾನರನ್ನು ಹೇಗೆ ಕ್ಷಮಿಸಲಿ?