ಚಿಕ್ಕಪೇಟೆಯ ಒಂದೇ ಲಾಗಿನ್

ನಮ್ಮ ಆಫೀಸು ಬಸವನಗುಡಿಯ ಒಂದು ಹಳೆಯ ಮನೆಯ ಮಹಡಿಯಲ್ಲಿದೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಿಗೆ ಬಿಲ್ಲು, ಸ್ಟಾಕು, ಆರ್ಡರು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವುದು ನಮ್ಮ ಕಸುಬು. ತಂಡದ ಮುಖ್ಯಸ್ಥೆ ಚಾಮರಾಜಪೇಟೆಯವರು, ಎಲ್ಲರಿಗೂ ಮೇಡಂ. ಅವರು ದನಿ ಏರಿಸಿದ್ದನ್ನು ನಾನು ಕೇಳಿಯೇ ಇಲ್ಲ. ನನಗೋ ಕೋಪ ಮೂಗಿನ ತುದಿಯಲ್ಲೇ.

ಮೊದಲು ಬಿಲ್ಲಿಗೊಂದು ಲಾಗಿನ್, ಸ್ಟಾಕಿಗೊಂದು ಲಾಗಿನ್ ಇತ್ತು. ಗಿರಾಕಿ ಸೀರೆ ಹಿಡಿದು ನಿಂತಿದ್ದರೆ ಅಂಗಡಿಯವರು ಪಾಸ್‌ವರ್ಡ್ ಒತ್ತುತ್ತಾ ಕೂರಬೇಕಿತ್ತು. ಮೇಡಂ ಅದನ್ನೆಲ್ಲ ಕಿತ್ತುಹಾಕಿ, ಒಳಗೆ ಯಾರಿದ್ದಾರೆ ಎಂದು ನೆನಪಿಡುವ ಕೆಲಸವನ್ನಷ್ಟೇ ಮಾಡುವ ಪುಟ್ಟ ಬೇರೆ ಪ್ರೋಗ್ರಾಮ್ ಬರೆದರು. ನಮ್ಮವರ ಬಾಯಲ್ಲಿ ಅದು ಮೈಕ್ರೋಸರ್ವಿಸ್. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಟೋಕನ್ ಕೊಡುತ್ತಾರಲ್ಲ, ಹಾಗೆ ಇದೂ ಒಂದು ಟೋಕನ್ ಕೊಡುತ್ತದೆ. ಅದನ್ನು ನೋಡಿ ಬಿಲ್ಲು, ಸ್ಟಾಕು ಎಲ್ಲವೂ ನಮ್ಮನ್ನು ಒಳಗೆ ಬಿಡುತ್ತವೆ. ಹಾಗೆ ಒಳಗಿರುವಷ್ಟು ಹೊತ್ತು ಒಂದು ಸೆಷನ್. ಮೇಡಂ ಬರೆದ ಆ ಕೋಡನ್ನು ಓದುವುದೆಂದರೆ ನನಗೆ ಇವತ್ತಿಗೂ ಖುಷಿ. ಒಂದು ಸಾಲೂ ದಂಡಕ್ಕೆ ಕೂತಿಲ್ಲ.

ಭದ್ರತೆಗೆಂದು ಅವರು ಒಂದು ನಿಯಮವನ್ನೂ ಇಟ್ಟಿದ್ದರು. ಒಂದು ಖಾತೆಗೆ ಒಂದೇ ಸೆಷನ್. ಅದೇ ಹೆಸರಿನಲ್ಲಿ ಇನ್ನೊಬ್ಬರು ಬಂದರೆ ಮೊದಲಿದ್ದವರು ಹೊರಗೆ.

ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರ ಶುರುವಾಗಿತ್ತು. ಒಂದು ರೇಷ್ಮೆ ಸೀರೆ ಅಂಗಡಿಯಿಂದ ಯಜಮಾನರ ದೊಡ್ಡ ಮಗ ಮೇಡಂಗೆ ಫೋನ್ ಮಾಡಿದ. ಅಂಗಡಿ ಕಟ್ಟಿದ್ದು ಅವನ ತಂದೆ. ಗಲ್ಲಾದಲ್ಲಿ ಕೂರುವುದು ಅವರೇ. ದೊಡ್ಡವನು ಗೋಡೌನಿನಲ್ಲಿ, ಚಿಕ್ಕವನು ಮಹಡಿಯಲ್ಲಿ. ಮೂವರೂ ಬಳಸುತ್ತಿದ್ದದ್ದು ಅಂಗಡಿಯ ಹೆಸರಿನ ಒಂದೇ ಖಾತೆ. ಮಕ್ಕಳು ಮೊಬೈಲಿನಲ್ಲಿ ಲಾಗಿನ್ ಆದಾಗಲೆಲ್ಲ ತಂದೆಯ ಮುಂದಿನ ಪರದೆಯಲ್ಲಿ, "ನಿಮ್ಮನ್ನು ಹೊರಗೆ ಕಳಿಸಲಾಗಿದೆ, ಈ ಖಾತೆಯನ್ನು ಬೇರೆಯವರು ಬಳಸುತ್ತಿದ್ದಾರೆ" ಎಂದು ಬರುತ್ತಿತ್ತು.

"'ನಾನ್ ಕಟ್ಟಿದ ಅಂಗಡೀಲಿ ನನ್ನೇ ಹೊರಗ್ ಹಾಕ್ತೀರೇನ್ರೋ' ಅಂತ ಬೀಗದ ಕೈ ಇಟ್ಬಿಟ್ಟು ಮನೆಗ್ ಹೋದ್ರು ಮೇಡಂ. ಅಂಗಡಿ ಕಡೆ ತಲೆ ಹಾಕ್ತಿಲ್ಲ. ವ್ಯಾಪಾರ ಹಾಳಾಗ್ಲಿ, ನಮ್ಮತ್ರ ಮಾತೇ ಆಡ್ತಿಲ್ಲ" ಎಂದ.

ಮೂರು ಜನಕ್ಕೆ ಒಂದೇ ಪಾಸ್‌ವರ್ಡ್! ಮಾಡಿದ್ದುಣ್ಣೋ ಮಹಾರಾಯ ಎನ್ನಿಸಿತು ನನಗೆ. "ಒಬ್ಬೊಬ್ರಿಗೆ ಒಂದೊಂದು ಖಾತೆ ಮಾಡ್ಕೊಳ್ಳಿ ಅಂತ ಬಡ್ಕೊಂಡಿದ್ವಲ್ಲ ಮೇಡಂ" ಎಂದು ಫೋನ್ ಇಟ್ಟ ಮೇಲೆ ರೇಗಿದೆ.

"ಅಂಗಡಿ ಒಂದು, ಹೆಸರು ಒಂದು. ಬೇರೆ ಬೇರೆ ಖಾತೆ ಅಂದ್ರೆ ಅವ್ರಿಗೆ ಮನೆ ಪಾಲಾದ ಹಾಗೆ. ನಾನಿಟ್ಟ ನಿಯಮ ತಪ್ಪು, ತೆಗೀತೀನಿ" ಎಂದರು ಮೇಡಂ. ತಾವೇ ಬರೆದದ್ದನ್ನು ಅಷ್ಟು ಸಲೀಸಾಗಿ ತಪ್ಪು ಎಂದವರನ್ನು ನಾನು ಬೇರೆ ಕಂಡಿಲ್ಲ. ನಾನಾಗಿದ್ದರೆ ಒಂದು ವಾರ ವಾದ ಮಾಡುತ್ತಿದ್ದೆ.

ಈಗ ಖಾತೆ ಒಂದೇ, ಆದರೆ ಗಲ್ಲಾ, ಗೋಡೌನು, ಮಹಡಿ ಎಂದು ಜಾಗಕ್ಕೊಂದು ಸೆಷನ್. ಯಾರು ಬಂದರೂ ಯಾರೂ ಹೊರಬೀಳುವುದಿಲ್ಲ. ಒಳಗೆ ಯಾರಿದ್ದಾರೆ ಎಂಬುದು ಗಲ್ಲಾದ ಪರದೆಯಲ್ಲಿ ಕಾಣುತ್ತದೆ. ಹೊರಗೆ ಕಳಿಸುವ ಗುಂಡಿಯೂ ಅಲ್ಲಿ ಮಾತ್ರ.

ಮೇಡಂ ಲ್ಯಾಪ್‌ಟಾಪ್ ಹಿಡಿದು ಯಜಮಾನರ ಮನೆಗೇ ಹೊರಟರು. ನಾನೂ ಹಿಂದೆ ಹೋದೆ. ಮಕ್ಕಳಿಬ್ಬರೂ ತಪ್ಪು ಮಾಡಿದವರ ಹಾಗೆ ಬಾಗಿಲ ಹತ್ತಿರ ನಿಂತಿದ್ದರು.

"ಯಜಮಾನ್ರೇ, ನಿಮ್ಮನ್ನ ಹೊರಗ್ ಹಾಕಿದ್ದು ನಿಮ್ಮ ಮಕ್ಕಳಲ್ಲ, ನಾನು" ಎಂದರು ಮೇಡಂ. ಲ್ಯಾಪ್‌ಟಾಪಿನಲ್ಲಿ ಗಲ್ಲಾದ ಪರದೆ ತೆರೆದು ಎಲ್ಲವನ್ನೂ ಬಿಡಿಸಿ ಹೇಳಿದರು.

ಯಜಮಾನರು ಪರದೆಯನ್ನೇ ನೋಡಿದರು. "ನಾನ್ ಕಳಿಸಿದ್ರೆ ಇವ್ರು ಹೋಗ್ತಾರೇನಮ್ಮಾ?"

"ಒತ್ತಿ ನೋಡಿ."

ಒತ್ತಿದರು. ದೊಡ್ಡವನು ತನ್ನ ಮೊಬೈಲು ತಿರುಗಿಸಿ ತೋರಿಸಿದ: ಅವನು ಹೊರಗೆ! ಯಜಮಾನರು ನಗಲಿಲ್ಲ. "ಅವನ್ನ ಮತ್ತೆ ಒಳಗೆ ಕರ್ಕೊಳ್ಳೋದ್ ಹೇಗೆ, ಅದನ್ನ ಹೇಳ್ಕೊಡಿ" ಎಂದರು. ಮರುದಿನ ಬೆಳಿಗ್ಗೆ ಬೀಗ ತೆಗೆದವರು ಅವರೇ.

ಅಂದಿನಿಂದ ಸಂಜೆ ಆ ಅಂಗಡಿಯ ಸೆಷನ್‌ಗಳ ಮೇಲೆ ಕಣ್ಣಾಡಿಸುವುದು ನನಗೊಂದು ಚಟವಾಯಿತು. ಗೋಡೌನು ಮುಗಿಯುತ್ತದೆ, ಮಹಡಿ ಮುಗಿಯುತ್ತದೆ, ಕೊನೆಗೆ ಗಲ್ಲಾ. ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತು ಮೀರಿದರೂ ಮಹಡಿಯ ಸೆಷನ್ ಹಾಗೇ ಇತ್ತು, ಗಲ್ಲಾವೂ ಇತ್ತು. ಮರೆತಿರಬೇಕು ಎಂದು ಫೋನ್ ಮಾಡಿದೆ.

"ಮಹಡೀದು ಹಾಗೇ ಇದೆ ಯಜಮಾನ್ರೇ. ಆ ಗುಂಡಿ ಒತ್ಬಿಟ್ಟು ನೀವು ಮನೆಗ್ ಹೊರಡಿ."

"ಚಿಕ್ಕೋನು ಇನ್ನೂ ಗಿರಾಕಿಗೆ ಸೀರೆ ತೋರಿಸ್ತಿದಾನೆ" ಎಂದರು ಯಜಮಾನರು. "ಹೊರಗ್ ಹಾಕಿದ್ರೆ ಹೇಗಿರತ್ತೆ ಅಂತ ನಂಗೊತ್ತು. ಅವನು ಇಳಿದು ಬರ್ಲಿ, ನಾನು ಕೂತಿರ್ತೀನಿ."