ನೋವಿಲ್ಲದ ಕಾಲು

ಮಂಡ್ಯದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು ನರದ ಪಾಠಕ್ಕೆ ಮೊದಲು, ಆಚಮನ ಮಾಡುವವರಂತೆ, ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ಚರ್ಮ ಒಂದು ಬೆಳವಣಿಗೆ ಪ್ರೋಟೀನು ಕಳಿಸುತ್ತೆ ಕಣ್ರಯ್ಯ. ಅದನ್ನುಂಡ ನರ ನೋವಿನ ಸುದ್ದಿ ಮುಟ್ಟಿಸೋ ರಾಸಾಯನಿಕ ತಯಾರಿಸುತ್ತೆ. ಊಟ ನಿಂತರೆ ನರ ಮೂಕ. ನೋವು ಹೋಯ್ತು ಅಂದ್ರೆ ವಾಸಿಯಾಯ್ತು ಅಂತಲ್ಲ!” ಈ ಕೊನೆಯ ವಾಕ್ಯವನ್ನು ಅವರು ಬಸ್‌ಸ್ಟ್ಯಾಂಡಿನಲ್ಲೂ, ಬೀಗರೂಟದಲ್ಲೂ ಅದೇ ಗಾಂಭೀರ್ಯದಿಂದ ದಯಪಾಲಿಸುತ್ತಿದ್ದರು.

ನಿವೃತ್ತಿಯ ನಂತರ ಸಕ್ಕರೆ ಕಾಯಿಲೆಯಿಂದ ಅವರ ಅಂಗಾಲು ಹಗಲಿರುಳು ಉರಿಯತೊಡಗಿತು. ಹೆಂಡತಿ ಮಳವಳ್ಳಿಯಿಂದ ನಾಟಿ ಎಣ್ಣೆ ತರಿಸಿ ತಿಕ್ಕಿದರು. ಕ್ರಮೇಣ ಉರಿ ನಿಂತಿತು. ನೋಡಲು ಹೋದ ನನಗೆ ಆಕೆ ಬಾಗಿಲಲ್ಲೇ ಹೇಳಿದರು: “ನಿಮ್ ಮೇಷ್ಟ್ರಿಗೆ ಈಗ ಚುಚ್ಚುದ್ರೂ ನೋವಿಲ್ಲ ಕಣಪ್ಪ. ಪೂರಾ ವಾಸಿ! ಡಾಕ್ಟ್ರು ಏನ್ ಕಡುದ್ ಗುಡ್ಡೆ ಆಕುದ್ರು?”

ಒಳಗೆ ಮೇಷ್ಟ್ರ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೂತು, ಸುತ್ತಲ ಮಾಂಸ ಕಪ್ಪಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ದನಿ ತಗ್ಗಿಸಿದರು. “ಗೊತ್ತು ಕಣಯ್ಯ, ನರ ಸತ್ತದೆ. ಆದ್ರೆ ನಿದ್ದೆ ಬತ್ತದೆ. ಆಸ್ಪತ್ರೆ ಗೀಸ್ಪತ್ರೆ ಅನ್ಬ್ಯಾಡ, ಬುಡು.”

ಕಡೆಗೆ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಇಲ್ಲದ ಆ ಪಾದ ಮತ್ತೆ ಉರಿಯತೊಡಗಿತು. ಎಲ್ಲಿ ನೋವು ಎಂದು ನರ್ಸು ಕೇಳಿದರೆ ಮೇಷ್ಟ್ರು ಹಾಸಿಗೆಯ ಖಾಲಿ ಜಾಗವನ್ನು ತೋರಿಸುತ್ತಿದ್ದರು.